ರೈಲು ಬೋಗಿಗಳ ಕೊಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ರೈಲಿನ ಮಾತು ಬಂದರೆ ಜನ ಮೊದಲು ಇಂಜಿನ್ ಬಗ್ಗೆ ಕೇಳುತ್ತಾರೆ. ಆಮೇಲೆ ವೇಗದ ಬಗ್ಗೆ. ಮಾತು ಇನ್ನೂ ಮುಂದುವರಿದರೆ ಮಾತ್ರ ಎರಡು ಬೋಗಿಗಳ ನಡುವಿನ ಆ ಕಬ್ಬಿಣದ ಗಂಟಿನ ಹತ್ತಿರ ಬರುತ್ತಾರೆ. ಅಲ್ಲಿಗೆ ಬಂದ ಮೇಲೆ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಗಟ್ಟಿಯದ್ದು ಕೊನೆಗೆ. ಪ್ರಯಾಣಿಕರ ಡಬ್ಬಿಗೆ ಎಲ್ಲರೂ ಹೇಳುವಂತೆ ಬೋಗಿ ಅಂತಲೇ ಬರೆದಿದ್ದೇನೆ, ಸರಕಿನದ್ದಕ್ಕೆ ವ್ಯಾಗನ್. ಕಪ್ಲಿಂಗ್, ಕಪ್ಲರ್, ಕೊಂಡಿ ಮೂರೂ ಒಂದೇ ಅಂತ ಓದಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಕಪ್ಲಿಂಗ್ ಅಂದ್ರೆ ಬರೀ ಕೊಕ್ಕೆ ತಾನೇ? ಅದರಲ್ಲೇನಿದೆ ಅಷ್ಟೊಂದು?

ಕೊಕ್ಕೆ ಎಳೆಯುತ್ತದೆ ಅಷ್ಟೇ. ರೈಲಿನ ಕೊಂಡಿಗೆ ಅದಕ್ಕಿಂತ ಜಾಸ್ತಿ ಕೆಲಸ ಇದೆ. ಇಂಜಿನ್ ಎಳೆದಾಗ ಹಿಡಿದುಕೊಳ್ಳಬೇಕು. ಬ್ರೇಕ್ ಹಾಕಿದಾಗ ಹಿಂದಿನ ಬೋಗಿ ಮುಂದಿನದ್ದನ್ನು ಗುದ್ದದಂತೆ ತಡೆಯಬೇಕು. ತಿರುವಿನಲ್ಲಿ ಪಕ್ಕಕ್ಕೆ ಬಾಗಬೇಕು. ಹಳಿ ಏರಿ ಇಳಿಯುವಲ್ಲಿ ಮೇಲೆ ಕೆಳಗೆ ಆಡಬೇಕು. ಇಷ್ಟೆಲ್ಲ ಮಾಡುತ್ತಾ ತಾನಾಗಿ ಕಳಚಿಕೊಳ್ಳಬಾರದು, ಬೇಕೆಂದಾಗ ಮಾತ್ರ ಒಬ್ಬ ಮನುಷ್ಯನ ಕೈಬಲಕ್ಕೆ ಬಿಚ್ಚಿಕೊಳ್ಳಬೇಕು.

ಇದಕ್ಕೆಲ್ಲ ಮೇಲೆ ಇನ್ನೊಂದು ಮಾತಿದೆ. ನನ್ನ ಮಟ್ಟಿಗೆ ಅದೇ ಮುಖ್ಯ. ಕಟ್ಟುವಾಗ, ಬಿಚ್ಚುವಾಗ ಮನುಷ್ಯ ಎರಡು ಬೋಗಿಗಳ ನಡುವೆ ನಿಲ್ಲಬೇಕೋ ಬೇಡವೋ? ಯಾವ ಕೊಂಡಿಯನ್ನು ನೋಡಿದರೂ ನಾನು ಮೊದಲು ಕೇಳುವ ಪ್ರಶ್ನೆ ಅದು. ಮುಂದೆ ಬರುವ ಉತ್ತರಗಳಲ್ಲಿ ಅರ್ಧದಷ್ಟು ಅಲ್ಲಿಗೇ ಬಂದು ಸೇರುತ್ತವೆ.

ಬೋಗಿಗಳ ನಡುವೆ ನೇತಾಡೋ ರಬ್ಬರ್ ಪೈಪು ಕೂಡ ಕಪ್ಲಿಂಗೇನಾ?

ಅಲ್ಲ. ಅದು ಬ್ರೇಕಿನ ಗಾಳಿ ಸಾಗಿಸುವ ಹೋಸ್ ಪೈಪು. ಎಳೆಯುವ ಭಾರ ಅದರ ಮೇಲೆ ಬೀಳುವುದಿಲ್ಲ. ಆದರೆ ಕೊಂಡಿಯ ಕೆಲಸ ಮುಗಿಯಿತು ಅನ್ನಬೇಕಾದರೆ ಇದೂ ಸೇರಿರಬೇಕು. ಪ್ರಯಾಣಿಕರ ರೈಲಿನಲ್ಲಿ ಇದರ ಜೊತೆಗೆ ಕರೆಂಟಿನ ಕೇಬಲ್‌ಗಳೂ ಇರುತ್ತವೆ. ಹೆಚ್ಚಿನ ಕಡೆ ಇವನ್ನು ಇವತ್ತಿಗೂ ಕೈಯಿಂದಲೇ ಜೋಡಿಸುತ್ತಾರೆ.

ಕೆಲವು ಬೋಗಿಯ ತುದಿಯಲ್ಲಿ ಎರಡು ದುಂಡನೆ ತಟ್ಟೆ ಇರುತ್ತೆ, ಕೆಲವಕ್ಕೆ ಇರಲ್ಲ. ಯಾಕೆ?

ಆ ತಟ್ಟೆಗಳಿಗೆ ಬಫರ್ ಅನ್ನುತ್ತಾರೆ. ಹಿಂದೆ ಸ್ಪ್ರಿಂಗ್ ಇರುತ್ತದೆ. ಸರಪಳಿಯೋ ಸ್ಕ್ರೂ ಕೊಂಡಿಯೋ ಇದ್ದರೆ ಅದು ಎಳೆಯಬಲ್ಲದು, ನೂಕಲಾರದು. ಹಗ್ಗ ಹಿಡಿದು ಯಾರನ್ನಾದರೂ ನೂಕಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನೂಕುವ ಕೆಲಸಕ್ಕೆ ಪಕ್ಕದಲ್ಲಿ ಎರಡು ಬಫರ್ ಬೇಕಾಯಿತು.

ನಡುವೆ ಒಂದೇ ದೊಡ್ಡ ಉಕ್ಕಿನ ತಲೆ ಇರುವ ಕಪ್ಲರ್ ಎಳೆತವನ್ನೂ ತಡೆಯುತ್ತದೆ, ನೂಕನ್ನೂ ತಡೆಯುತ್ತದೆ. ಅದರ ಹಿಂದೆ ಬೋಗಿಯ ಚೌಕಟ್ಟಿನೊಳಗೆ ರಬ್ಬರ್ ಅಥವಾ ಸ್ಪ್ರಿಂಗ್ ಮತ್ತು ಉಜ್ಜುವ ತಟ್ಟೆಗಳ ಪೆಟ್ಟಿಗೆ ಇರುತ್ತದೆ. ಡ್ರಾಫ್ಟ್ ಗೇರ್ ಅಂತ ಅದರ ಹೆಸರು. ಹೊಡೆತವನ್ನು ಅದು ನುಂಗಿಕೊಳ್ಳುತ್ತದೆ. ಹಾಗಾಗಿ ಬಫರ್ ಬೇಕಿಲ್ಲ.

ಸ್ಕ್ರೂ ಕಪ್ಲಿಂಗ್ ಅಂತಾರಲ್ಲ, ಅದನ್ನ ಹೇಗೆ ಹಾಕ್ತಾರೆ?

ಎರಡು ಬೋಗಿಗಳನ್ನು ಬಫರ್‌ಗೆ ಬಫರ್ ತಾಗುವಂತೆ ತಂದು ನಿಲ್ಲಿಸುತ್ತಾರೆ. ಕೆಲಸಗಾರ ಬಗ್ಗಿ ಬಫರ್‌ಗಳ ಕೆಳಗೆ ನುಸುಳಿ ಒಳಗೆ ಹೋಗುತ್ತಾನೆ. ಒಂದು ಬೋಗಿಯ ಭಾರವಾದ ಕೊಂಡಿಯನ್ನು ಎತ್ತಿ ಇನ್ನೊಂದರ ಕೊಕ್ಕೆಗೆ ಹಾಕುತ್ತಾನೆ. ಕೊಂಡಿಯ ಮಧ್ಯೆ ಒಂದು ತಿರುಪು ಇದೆ. ಅದರ ಅರ್ಧಕ್ಕೆ ಎಡಸುತ್ತಿನ ಮರೆ (ತಿರುಪಿನ ಗೆರೆ), ಇನ್ನರ್ಧಕ್ಕೆ ಬಲಸುತ್ತಿನ ಮರೆ. ಹಿಡಿ ತಿರುಗಿಸಿದರೆ ಎರಡೂ ತುದಿ ಒಂದೇ ಸಲ ಹತ್ತಿರ ಬರುತ್ತವೆ. ಬಫರ್‌ಗಳು ಸ್ವಲ್ಪ ಒತ್ತಿಕೊಳ್ಳುವ ತನಕ ಬಿಗಿ ಮಾಡುತ್ತಾರೆ.

ಇದಕ್ಕೆ 1836ರಲ್ಲಿ ಪೇಟೆಂಟ್ ಪಡೆದವರು ಲಿವರ್‌ಪೂಲ್ ಆ್ಯಂಡ್ ಮ್ಯಾಂಚೆಸ್ಟರ್ ರೈಲ್ವೆಯ ಕಾರ್ಯದರ್ಶಿ ಹೆನ್ರಿ ಬೂತ್. ಅದಕ್ಕೂ ಮೊದಲು ಸಡಿಲ ಸರಪಳಿ ಇತ್ತು. ಹೊರಟಾಗ ಒಂದು ಎಳೆತ, ನಿಂತಾಗ ಒಂದು ಗುದ್ದು, ಪ್ರಯಾಣಿಕರ ಪಾಡು ಕಷ್ಟವಾಗಿತ್ತು. ಬೂತ್ ಅವರ ತಿರುಪು ಆ ಸಡಿಲವನ್ನು ತೆಗೆದುಹಾಕಿತು. ಬಿಗಿಯಾಗಿ ಕಟ್ಟಿದ ಸ್ಕ್ರೂ ಕಪ್ಲಿಂಗಿನ ರೈಲು ಹೊರಟದ್ದೇ ಗೊತ್ತಾಗುವುದಿಲ್ಲ. ಅದರ ತೊಂದರೆ ಒಂದೇ: ಪ್ರತಿ ಸಲವೂ ಒಬ್ಬರು ನಡುವೆ ಹೋಗಲೇಬೇಕು.

## ತಾನಾಗಿ ಕೂಡಿಕೊಳ್ಳುವ ಕೊಂಡಿ

ಎರಡು ವ್ಯಾಗನ್ ಬಂದು ಟಣ್ ಅಂತ ಬಡಿದ ಕೂಡ್ಲೇ ಅಂಟಿಕೊಳ್ಳುತ್ತೆ. ಒಳಗೆ ಏನಾಗುತ್ತೆ?

ಮೊದಲು ಕೈಯಲ್ಲೇ ಮಾಡಿ ನೋಡಿ. ಎರಡೂ ಕೈಗಳ ನಾಲ್ಕು ಬೆರಳನ್ನು ಕೊಕ್ಕೆಯ ಹಾಗೆ ಮಡಚಿ. ಒಂದನ್ನೊಂದು ಸಿಕ್ಕಿಸಿ ಎಳೆಯಿರಿ. ಬಿಡಿಸಿಕೊಳ್ಳಬೇಕಾದರೆ ಯಾವುದಾದರೂ ಒಂದು ಕೈಯ ಬೆರಳು ಬಿಚ್ಚಲೇಬೇಕು. ತಾನಾಗಿ ಕೂಡಿಕೊಳ್ಳುವ ಕಪ್ಲರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ ಉಪಾಯದ್ದು. ಆ ಮಡಚುವ ಉಕ್ಕಿನ ತುಂಡಿಗೆ ನಕಲ್ ಅಂತ ಹೆಸರು. ಬೆರಳಿನ ಗೆಣ್ಣು ಅಂತ ಅದರ ಅರ್ಥ.

ಈಗ ತಲೆಯ ಒಳಗೆ ಹೋಗೋಣ. ನಕಲ್ ಒಂದು ದಪ್ಪ ಪಿನ್ನಿನ ಮೇಲೆ ಬಾಗಿಲಿನ ಹಾಗೆ ತಿರುಗುತ್ತದೆ. ಬಾಗಿಲಿಗೆ ಒಂದೇ ರೆಕ್ಕೆ, ನಕಲ್‌ಗೆ ಮಾತ್ರ ಹಿಂದೆ ಒಂದು ಬಾಲವೂ ಇದೆ. ಮುಖ ಒಳಗೆ ಮಡಚಿದರೆ ಬಾಲ ತಲೆಯ ಒಳಕ್ಕೆ ಸರಿಯುತ್ತದೆ. ನಕಲ್ ತೆರೆದಿರುವಾಗ ಲಾಕ್ ಅನ್ನುವ ಉಕ್ಕಿನ ಗಟ್ಟಿ ಆ ಬಾಲದ ಮೇಲೆ ಕೂತಿರುತ್ತದೆ. ಎದುರಿನ ಕಪ್ಲರ್ ಬಂದು ನಕಲ್ಲನ್ನು ತಳ್ಳುತ್ತದೆ. ನಕಲ್ ಮಡಚಿಕೊಳ್ಳುತ್ತದೆ, ಬಾಲ ಒಳಗೆ ಜಾರುತ್ತದೆ. ಬಾಲ ಪಕ್ಕಕ್ಕೆ ಸರಿದ ಕ್ಷಣಕ್ಕೆ ಲಾಕ್‌ಗೆ ಆಸರೆ ತಪ್ಪಿ ಅದು ದೊಪ್ಪನೆ ಕೆಳಗೆ ಬೀಳುತ್ತದೆ. ಇನ್ನು ಬಾಲ ಹಿಂದಕ್ಕೆ ಬರಲು ದಾರಿ ಇಲ್ಲ. ಬಾಲ ಬರದೆ ನಕಲ್ ತೆರೆಯುವುದಿಲ್ಲ. ಬಾಗಿಲಿಗೆ ಅಗುಳಿ ಬಿದ್ದ ಹಾಗೆ.

ಇಲ್ಲಿ ನನಗೆ ತುಂಬ ಇಷ್ಟವಾಗುವುದು ಲಾಕ್ ಬೀಳುವ ರೀತಿ. ಸ್ಪ್ರಿಂಗ್ ಇಲ್ಲ, ಗಾಳಿ ಇಲ್ಲ, ಕರೆಂಟ್ ಇಲ್ಲ. ಅದರ ತೂಕವೇ ಅದನ್ನು ಬೀಳಿಸುತ್ತದೆ. ಕೆಡುವುದಕ್ಕೆ ಅಲ್ಲಿ ಏನೂ ಇಲ್ಲ. ಮಳೆ, ಧೂಳು, ಹಿಮ ಎಲ್ಲವನ್ನೂ ತಿಂದುಕೊಂಡು ವರ್ಷಗಟ್ಟಲೆ ಕೆಲಸ ಮಾಡಬೇಕಾದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಯೋಚಿಸುವುದು ಕಷ್ಟ. ಓಡಾಟದ ಕುಲುಕಿಗೆ ಲಾಕ್ ನಿಧಾನಕ್ಕೆ ಮೇಲೆ ಹತ್ತಿಬಿಡಬಾರದಲ್ಲ, ಅದಕ್ಕೂ ಒಳಗೇ ಒಂದು ತಡೆ ಇಟ್ಟಿದ್ದಾರೆ.

ಹಾಗಾದ್ರೆ ಎರಡೂ ಕಡೆ ನಕಲ್ ತೆರೆದಿರಬೇಕಾ?

ಒಂದು ತೆರೆದಿದ್ದರೆ ಸಾಕು. ಎರಡೂ ತೆರೆದಿದ್ದರೂ ಕೂಡಿಕೊಳ್ಳುತ್ತವೆ. ಎರಡೂ ಮುಚ್ಚಿದ್ದರೆ ಮಾತ್ರ ಬರೀ ಗುದ್ದಾಟವಾಗುತ್ತದೆ. ಮುಷ್ಟಿಗೆ ಮುಷ್ಟಿ ಬಡಿದ ಹಾಗೆ. ಜೋರಾಗಿ ಬಡಿದರೆ ಉಕ್ಕಿಗೂ ಪೆಟ್ಟು, ಒಳಗಿನ ಸರಕಿಗೂ ಪೆಟ್ಟು.

ಎಷ್ಟು ಜೋರಾಗಿ ತಂದು ಗುದ್ದಬೇಕು?

ನಡೆಯುವ ವೇಗ ಸಾಕು. ಅಮೆರಿಕದ ರೈಲುಗಳಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ ಗಂಟೆಗೆ 4 ಮೈಲಿ, ಅಂದರೆ ಸುಮಾರು 6 ಕಿ.ಮೀ. ಲಾಕ್ ಬೀಳುವುದು ಗುದ್ದಿನ ಬಲಕ್ಕಲ್ಲ, ನಕಲ್ ಪೂರ್ತಿ ಮಡಚಿಕೊಂಡದ್ದಕ್ಕೆ. ಇದು ಗೊತ್ತಿರುವ ಡ್ರೈವರ್ ಎಂದೂ ಅವಸರ ಮಾಡುವುದಿಲ್ಲ.

ಕಟ್ಟೋದು ತಾನಾಗೇ ಆಯ್ತು. ಬಿಚ್ಚೋದು?

ವ್ಯಾಗನ್ನಿನ ಮೂಲೆಯಲ್ಲಿ ಒಂದು ಬಾಗಿದ ಸರಳು ಕಾಣುತ್ತದೆ. ಹಳಿಯ ಪಕ್ಕದಲ್ಲೇ ನಿಂತು ಅದನ್ನು ಮೇಲೆತ್ತಬಹುದು. ಸರಳು ಎತ್ತಿದರೆ ಒಳಗಿನ ಲಾಕ್ ಮೇಲೇಳುತ್ತದೆ, ಬಾಲಕ್ಕೆ ದಾರಿ ಸಿಗುತ್ತದೆ. ಇನ್ನೂ ಸ್ವಲ್ಪ ಎತ್ತಿದರೆ ಒಳಗಿನ ಒಂದು ತುಂಡು ನಕಲ್ಲನ್ನು ಒದ್ದು ತೆರೆಯುತ್ತದೆ. ಇಂಜಿನ್ ಮುಂದೆ ಹೋದರೆ ಎರಡೂ ಬೇರೆಯಾದವು. ಗಾಳಿಯ ಹೋಸ್‌ಗಳೂ ಎಳೆತಕ್ಕೆ ತಾವೇ ಬಿಟ್ಟುಕೊಳ್ಳುತ್ತವೆ. ಆದರೆ ಅದಕ್ಕೆ ಮೊದಲು ಗಾಳಿಯ ಕಾಕ್, ಅಂದರೆ ಪೈಪಿನ ನಲ್ಲಿ, ಮುಚ್ಚಿರಬೇಕು, ನಿಲ್ಲುವ ವ್ಯಾಗನ್‌ಗಳು ಉರುಳದಂತೆ ಬ್ರೇಕ್ ಹಾಕಿರಬೇಕು.

ಹೊಸಬರು ಎಡವುವ ಜಾಗ ಒಂದಿದೆ. ಕೊಂಡಿ ಎಳೆತದಲ್ಲಿ ಇದ್ದರೆ ಸರಳು ಎಷ್ಟು ಎತ್ತಿದರೂ ಬರುವುದಿಲ್ಲ. ನಕಲ್ಲಿನ ಬಾಲ ಲಾಕನ್ನು ಒತ್ತಿ ಹಿಡಿದಿರುತ್ತದೆ. ಹೊರಗಿನಿಂದ ಯಾರೋ ತಳ್ಳುತ್ತಿರುವ ಬಾಗಿಲಿನ ಅಗುಳಿ ತೆಗೆಯಲು ಹೋಗಿದ್ದೀರಾ? ಹಾಗೇ. ಇಂಜಿನ್ನನ್ನು ಸ್ವಲ್ಪ ಹಿಂದಕ್ಕೆ ಒತ್ತಿಸಿ ಸಡಿಲ ಮಾಡಿಕೊಂಡರೆ ಸರಳು ಹಗುರಾಗಿ ಬರುತ್ತದೆ.

ದೊಡ್ಡ ಯಾರ್ಡುಗಳಲ್ಲಿ, ಅಂದರೆ ವ್ಯಾಗನ್‌ಗಳನ್ನು ವಿಂಗಡಿಸುವ ಜಾಗಗಳಲ್ಲಿ, ದಿಬ್ಬ ಇರುತ್ತದೆ. ವ್ಯಾಗನ್‌ಗಳನ್ನು ನಿಧಾನವಾಗಿ ದಿಬ್ಬಕ್ಕೆ ನೂಕುತ್ತಾರೆ. ನೂಕುವಾಗ ಕೊಂಡಿಗಳು ಸಡಿಲವಾಗೇ ಇರುತ್ತವೆ. ದಿಬ್ಬದ ತುದಿಯ ಹತ್ತಿರ ಸರಳು ಎತ್ತಿದರೆ ವ್ಯಾಗನ್ ತನ್ನಷ್ಟಕ್ಕೆ ಇಳಿದು, ತನಗೆ ಗೊತ್ತುಮಾಡಿದ ಹಳಿಗೆ ಹೋಗಿ, ಅಲ್ಲಿ ನಿಂತದ್ದಕ್ಕೆ ಕೂಡಿಕೊಳ್ಳುತ್ತದೆ. ಸ್ಕ್ರೂ ಕೊಂಡಿ ಇರುವಲ್ಲಿ ಇದೇ ಕೆಲಸಕ್ಕೆ ಮೊದಲೇ ಪ್ರತಿ ತಿರುಪನ್ನೂ ಸಡಿಲಿಸಿಕೊಂಡು ಬರಬೇಕು. ಇಳಿದ ಮೇಲೆ ಮತ್ತೆ ಒಂದೊಂದನ್ನೇ ಕಟ್ಟಬೇಕು.

ನಿಜವಾಗ್ಲೂ ಲಾಕ್ ಬಿದ್ದಿದೆ ಅಂತ ಹೇಗೆ ನಂಬೋದು? ಶಬ್ದ ಕೇಳಿದ್ರೆ ಸಾಕಾ?

ಸಾಲದು. ಕೂಡಿಸಿದ ಮೇಲೆ ಒಮ್ಮೆ ಮೆಲ್ಲಗೆ ಎಳೆದು ನೋಡುತ್ತಾರೆ. ಹಿಂದಿನ ವ್ಯಾಗನ್ ಜೊತೆಗೆ ಬಂದರೆ ಲಾಕ್ ಬಿದ್ದಿದೆ. ಈ ಎಳೆದು ನೋಡುವ ಕೆಲಸಕ್ಕೆ ಅರ್ಧ ನಿಮಿಷವೂ ಬೇಡ. ಯಾವ ಅವಸರದಲ್ಲೂ ಇದನ್ನು ಬಿಡಬಾರದು.

## ಹಿಂದಿನ ಕಥೆ

ಇದನ್ನು ಕಂಡುಹಿಡಿದವರು ಯಾರು? ಅಷ್ಟು ಅಗತ್ಯ ಏನಿತ್ತು?

ಅಗತ್ಯದಿಂದ ಶುರು ಮಾಡುತ್ತೇನೆ. 19ನೇ ಶತಮಾನದ ಅಮೆರಿಕದಲ್ಲಿ ಇದ್ದದ್ದು ಬಳೆ ಮತ್ತು ಪಿನ್ನಿನ ಕೊಂಡಿ. ಪ್ರತಿ ವ್ಯಾಗನ್ನಿನ ತುದಿಯಲ್ಲೂ ಒಂದು ಕಬ್ಬಿಣದ ಬಾಯಿ. ಒಂದು ಬಾಯಲ್ಲಿ ಉದ್ದನೆಯ ಬಳೆ ಸಿಕ್ಕಿಸಿರುತ್ತಿತ್ತು. ಇನ್ನೊಂದು ವ್ಯಾಗನ್ ಹತ್ತಿರ ಬರುವಾಗ ಬ್ರೇಕ್‌ಮನ್ ಅನ್ನುವ ರೈಲು ಕೆಲಸಗಾರ ನಡುವೆ ನಿಂತು ಆ ಬಳೆಯನ್ನು ಎತ್ತಿ ಹಿಡಿಯಬೇಕು. ಎದುರಿನ ಬಾಯೊಳಗೆ ಅದು ಹೋಗುವಂತೆ ನೋಡಬೇಕು. ಹೋದ ತಕ್ಷಣ ಮೇಲಿನಿಂದ ಪಿನ್ ಬೀಳಿಸಬೇಕು. ಬರುತ್ತಿರುವುದು ಹತ್ತಾರು ಟನ್ ತೂಕ. ಕೈ ತೆಗೆಯಲು ಸಿಗುವುದು ಒಂದು ಕ್ಷಣ. ಕತ್ತಲು, ಮಳೆ, ಮಂಜು, ಏನೇ ಇದ್ದರೂ ಕೆಲಸ ನಿಲ್ಲುತ್ತಿರಲಿಲ್ಲ.

ಬೆರಳು ಹೋಗುತ್ತಿದ್ದವು. ಕೈ ಹೋಗುತ್ತಿತ್ತು. ಎಷ್ಟೋ ಜನರ ಜೀವವೇ ಹೋಯಿತು. ಬ್ರೇಕ್‌ಮನ್ ಎಷ್ಟು ಅನುಭವಸ್ಥ ಅನ್ನುವುದನ್ನು ಅವನ ಕೈಯಲ್ಲಿ ಇಲ್ಲದ ಬೆರಳುಗಳಿಂದ ಹೇಳಬಹುದಿತ್ತು ಅಂತ ಆ ಕಾಲದ ಮಾತು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ.

ಇದಕ್ಕೆ ಉತ್ತರ ಹುಡುಕಿದವರು ಬಹಳ ಮಂದಿ. ಸಾವಿರಾರು ಪೇಟೆಂಟ್‌ಗಳು ಬಂದವು. ಗೆದ್ದದ್ದು ಈಲೈ ಜೇನಿ ಅವರದ್ದು. ಅವರು ರೈಲ್ವೆಯವರಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದಲ್ಲಿ ಇದ್ದು, ಆಮೇಲೆ ವರ್ಜೀನಿಯಾದ ಅಲೆಗ್ಸಾಂಡ್ರಿಯಾದಲ್ಲಿ ಅಂಗಡಿಯ ಗುಮಾಸ್ತರಾಗಿದ್ದವರು. ಮರದ ತುಂಡನ್ನು ಚಾಕುವಿನಿಂದ ಕೆತ್ತಿ ಮಾದರಿ ಮಾಡಿಕೊಂಡರು. 1873ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ನಕಲ್ ಕಪ್ಲರ್‌ಗಳೆಲ್ಲ ಅದೇ ವಂಶದವು.

ಸಿಕ್ಕಿದ ಕೂಡ್ಲೇ ಎಲ್ಲಾ ಕಂಪನಿಗಳೂ ಹಾಕಿಕೊಂಡವಾ?

ಇಲ್ಲ. ಇಪ್ಪತ್ತೈದು ವರ್ಷ ಹಿಡಿಯಿತು. ಕಾರಣ ಬರೀ ದುಡ್ಡಲ್ಲ. ಕೊಂಡಿ ಒಬ್ಬರೇ ಹಾಕಿಕೊಂಡರೆ ಪ್ರಯೋಜನವಿಲ್ಲದ ವಸ್ತು. ನನ್ನ ವ್ಯಾಗನ್ ನಿಮ್ಮ ಹಳಿಯ ಮೇಲೆ ಬರುತ್ತದೆ, ನಿಮ್ಮದು ನನ್ನ ಹಳಿಯ ಮೇಲೆ. ಇಬ್ಬರ ಕೈಯೂ ಒಂದೇ ಥರ ಇದ್ದರೆ ಮಾತ್ರ ಕೈ ಕೂಡುತ್ತದೆ. ಹೊಸದು ಮತ್ತು ಹಳೆಯದು ಸೇರಿಕೊಂಡ ಕಾಲದಲ್ಲಿ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಎಲ್ಲರೂ ಬೇರೆಯವರು ಮೊದಲು ಮಾಡಲಿ ಅಂತ ಕಾದರು.

ಅಯೋವಾದ ಲೊರೆಂಜೊ ಕಾಫಿನ್ ಅನ್ನುವ ರೈತರು ಕಾಯಲಿಲ್ಲ. ಒಬ್ಬ ಬ್ರೇಕ್‌ಮನ್ ಬೆರಳು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವರು ಅವರು. ವರ್ಷಗಟ್ಟಲೆ ಸಭೆಗಳಿಗೆ ಹೋದರು, ಪತ್ರ ಬರೆದರು, ಅಧಿಕಾರಿಗಳ ಬೆನ್ನು ಬಿಡಲಿಲ್ಲ. ವ್ಯಾಗನ್ ತಯಾರಿಸುವವರ ಸಂಘವೂ 1880ರ ದಶಕದ ಕೊನೆಗೆ ಜೇನಿ ಮಾದರಿಯನ್ನು ಒಪ್ಪಿಕೊಂಡಿತು. ಕೊನೆಗೆ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಾನೂನಿಗೆ ಸಹಿ ಹಾಕಿದರು. ಕೊಂಡಿ ತಾಗಿದ ಕೂಡಲೇ ತಾನಾಗಿ ಕೂಡಬೇಕು, ಬಿಚ್ಚಲು ಯಾರೂ ವ್ಯಾಗನ್‌ಗಳ ನಡುವೆ ಹೋಗುವಂತಿರಬಾರದು ಅಂತ ಅದು ಹೇಳಿತು. 1898ರ ಜನವರಿ 1ರ ಗಡುವು ಕೊಟ್ಟರು. ಅದನ್ನೂ 1900ರ ಆಗಸ್ಟ್‌ವರೆಗೆ ಮುಂದೂಡಬೇಕಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಅದೇ ಆಗಸ್ಟ್‌ನಲ್ಲಿ ಯೂಟಾದಲ್ಲಿ ಒಬ್ಬ ಬ್ರೇಕ್‌ಮನ್ ಇಂಜಿನ್ನನ್ನು ಊಟದ ಬೋಗಿಗೆ ಕೂಡಿಸಲು ಹೋಗಿ ಕೈ ಕಳೆದುಕೊಂಡರು. ಎರಡಕ್ಕೂ ತಾನಾಗಿ ಕೂಡುವ ಕೊಂಡಿಯೇ ಇತ್ತು. ಆದರೆ ಎರಡು ಬೇರೆ ಬೇರೆ ಜಾತಿಯವು, ಒಂದಕ್ಕೊಂದು ಕೂಡುತ್ತಿರಲಿಲ್ಲ. ಎರಡೂ ಸ್ವಯಂಚಾಲಿತವೇ ತಾನೇ, ಇಂಜಿನ್ ಅಂತೂ ಬೋಗಿಯೇ ಅಲ್ಲ, ಕಾನೂನು ಮುರಿದಿಲ್ಲ ಅಂತ ಕೆಳಗಿನ ಕೋರ್ಟುಗಳು ಹೇಳಿದವು. 1904ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಇಂಜಿನ್ನಿಗೂ ಈ ಕಾನೂನು ಅನ್ವಯ, ಕೊಂಡಿಗಳು ಒಂದಕ್ಕೊಂದು ಕೂಡಬೇಕು ಅಂತ ತೀರ್ಪು ಕೊಟ್ಟಿತು. ಇಡೀ ಕಾನೂನಿನ ಜೀವ ಆ ಒಂದು ಮಾತಿನಲ್ಲಿತ್ತು.

ಜಪಾನ್ ಒಂದೇ ದಿನದಲ್ಲಿ ಎಲ್ಲಾ ಕೊಂಡಿ ಬದಲಾಯಿಸಿತಂತೆ. ಉತ್ಪ್ರೇಕ್ಷೆ ಅಲ್ವಾ?

ಬಹುಮಟ್ಟಿಗೆ ನಿಜ. ಅಲ್ಲಿ ಮೊದಲು ಬಫರ್ ಮತ್ತು ಸ್ಕ್ರೂ ಕೊಂಡಿ ಇತ್ತು. ಹೊಕ್ಕೈಡೊ ದ್ವೀಪದಲ್ಲಿ ಮಾತ್ರ ಮೊದಲಿನಿಂದ ಅಮೆರಿಕದ ಮಾದರಿ. ಉಳಿದ ಕಡೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿದರೆ ವರ್ಷಗಟ್ಟಲೆ ಹೊಸದು ಹಳೆಯದಕ್ಕೆ ಕೂಡುವುದಿಲ್ಲ. ಹಾಗಾಗಿ ಅವರು ವರ್ಷಗಳ ಕಾಲ ತಯಾರಿ ಮಾಡಿದರು. ಹೊಸ ಕಪ್ಲರ್‌ಗಳನ್ನು ಮೊದಲೇ ವ್ಯಾಗನ್‌ಗಳ ಹೊಟ್ಟೆಯಡಿ ಕಟ್ಟಿ ಓಡಿಸಿದರು. ಇಂಜಿನ್ ಮತ್ತು ಪ್ರಯಾಣಿಕರ ಬೋಗಿಗಳನ್ನು ಮುಂಚಿತವಾಗಿ ಸರಿ ಮಾಡಿಕೊಂಡರು. 1925ರ ಜುಲೈ 17ರಂದು ಹೊನ್ಶು ದ್ವೀಪದ ಸರಕು ರೈಲುಗಳನ್ನು ನಿಲ್ಲಿಸಿ, ವ್ಯಾಗನ್‌ಗಳ ಹಳೆಯ ಕೊಂಡಿ ಬಿಚ್ಚಿ ಹೊಸದನ್ನು ಹಾಕಿದರು. ಕ್ಯುಶುವಿನಲ್ಲಿ ಅದೇ ತಿಂಗಳ 20ರಂದು.

ದಿನ ಒಂದೇ ಇರಬಹುದು, ಕೆಲಸ ವರ್ಷಗಳದ್ದು. ರೈಲ್ವೆ ಇತಿಹಾಸದಲ್ಲಿ ನಾನು ತುಂಬ ಗೌರವ ಇಟ್ಟುಕೊಂಡಿರುವ ದಿನಗಳಲ್ಲಿ ಇದೂ ಒಂದು.

ಯುರೋಪಿನಲ್ಲಿ ಗೂಡ್ಸ್ ರೈಲನ್ನ ಇನ್ನೂ ಕೈಯಲ್ಲೇ ಕಟ್ತಾರೆ ಅಂದ್ರೆ ನಂಬೋಕೇ ಆಗ್ತಿಲ್ಲ!

ನಂಬಬೇಕು. ಬೂತ್ ಅವರ ತಿರುಪಿನ ವಂಶವೇ ಅಲ್ಲಿ ಇನ್ನೂ ಸರಕು ಎಳೆಯುತ್ತಿದೆ. ಬಫರ್ ಮತ್ತು ಕೊಕ್ಕೆಯ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಬಿಡಲೇಬೇಕು ಅಂತ ನಿಯಮವೇ ಇದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹೆಸರಿನಲ್ಲಿ ಅದನ್ನು ಬರ್ನ್ ಚೌಕ ಅನ್ನುತ್ತಾರೆ. ಅಲ್ಲಿ ಬೇರೇನೂ ಇಡುವಂತಿಲ್ಲ.

ಬದಲಾಯಿಸಲು ಪ್ರಯತ್ನ ನಡೆದಿದೆ. 1970ರ ದಶಕದಲ್ಲಿ ಪೂರ್ವ, ಪಶ್ಚಿಮ ಎರಡೂ ಕಡೆಯವರು ಸೇರಿ ಒಂದು ಸ್ವಯಂಚಾಲಿತ ಕಪ್ಲರ್ ತಯಾರಿಸಿದ್ದರು. ದೇಶಗಳು ಒಟ್ಟಿಗೆ ಹೆಜ್ಜೆ ಇಡಲಿಲ್ಲ, ಯೋಜನೆ ನಿಂತಿತು. ಈಗ ಮತ್ತೆ ಡಿಜಿಟಲ್ ಸ್ವಯಂಚಾಲಿತ ಕಪ್ಲಿಂಗ್ ಅನ್ನುವ ಕೆಲಸ ನಡೆಯುತ್ತಿದೆ. ಕೊಂಡಿಯ ಜೊತೆಗೆ ಗಾಳಿ, ಕರೆಂಟ್, ಮಾಹಿತಿಯ ತಂತಿ ಎಲ್ಲವೂ ಒಂದೇ ಸಲ ಕೂಡಬೇಕು ಅನ್ನುವುದು ಗುರಿ. 2021ರಲ್ಲಿ ಯಾವ ಮಾದರಿಯ ತಲೆ ಅನ್ನುವುದನ್ನು ಆರಿಸಿದರು, ಅದು ಷಾರ್ಫೆನ್‌ಬರ್ಗ್ ಮಾದರಿ (ಅದರ ಬಗ್ಗೆ ಮುಂದೆ ಹೇಳುತ್ತೇನೆ). ಆದರೆ ಬದಲಾಯಿಸಬೇಕಾದ ವ್ಯಾಗನ್‌ಗಳು ಲಕ್ಷಾಂತರ. ಅಮೆರಿಕ 1880ರ ದಶಕದಲ್ಲಿ ನಿಂತಿದ್ದ ಜಾಗದಲ್ಲೇ ಯುರೋಪ್ ಈಗ ನಿಂತಿದೆ ಅಂತ ನನಗೆ ಅನಿಸುತ್ತದೆ.

## ಬೇರೆ ಬೇರೆ ಜಾತಿಗಳು

ರಷ್ಯಾದ ರೈಲಿನ ಕೊಂಡಿ ನೋಡಿದೆ. ಅದರಲ್ಲಿ ಮಡಚೋ ಬೆರಳೇ ಇಲ್ಲ. ಅದು ಹೇಗೆ?

ಅದು ಎಸ್‌ಎ-3. ಇದರ ಮೂಲ ಇಂಗ್ಲೆಂಡಿನ ಜಾನ್ ವಿಲಿಸನ್ ಅವರ ಕಪ್ಲರ್. ತಲೆಯಲ್ಲಿ ಒಂದು ದೊಡ್ಡ ಹಲ್ಲು, ಒಂದು ಸಣ್ಣ ಹಲ್ಲು, ಎರಡೂ ತಲೆಗೇ ಎರಕ ಹೊಯ್ದವು, ಅಲ್ಲಾಡುವುದಿಲ್ಲ. ಎರಡು ತಲೆಗಳು ಎದುರುಬದುರು ಬಂದಾಗ ಪಕ್ಕಕ್ಕೆ ಜಾರಿ ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂರುತ್ತದೆ. ಆಮೇಲೆ ಒಳಗಿನ ಲಾಕ್ ಮುಂದೆ ಬಂದು ಆ ಸಂದಿಯನ್ನು ತುಂಬುತ್ತದೆ. ಹಿಂದಕ್ಕೆ ಜಾರಲು ಜಾಗವಿಲ್ಲ.

ಕೂಡಿಸುವ ಮೊದಲು ಯಾರೂ ಹೋಗಿ ನಕಲ್ ತೆರೆದಿಡಬೇಕಿಲ್ಲ. ಸದಾ ಸಿದ್ಧ. ನಕಲ್ ಕಪ್ಲರ್‌ಗಿಂತ ಇದು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ಸೋವಿಯತ್ ಒಕ್ಕೂಟ 1935ರಲ್ಲಿ ಬದಲಾವಣೆ ಶುರುಮಾಡಿ, ನಡುವೆ ಮಹಾಯುದ್ಧ ದಾಟಿ, 1957ರಲ್ಲಿ ಮುಗಿಸಿತು. ಸ್ವೀಡನ್‌ನ ಕಿರುನಾದಿಂದ ನಾರ್ವೆಯ ನಾರ್ವಿಕ್‌ಗೆ ಹೋಗುವ ಭಾರೀ ಅದಿರು ರೈಲುಗಳೂ ಇದನ್ನೇ ಬಳಸುತ್ತವೆ.

ಮೆಟ್ರೋ, ಹೈಸ್ಪೀಡ್ ರೈಲಿನ ಮೂತಿಯಲ್ಲಿ ಒಂದು ಶಂಕು, ಒಂದು ತೂತು ಇರುತ್ತಲ್ಲ?

ಅದು ಷಾರ್ಫೆನ್‌ಬರ್ಗ್. ಜರ್ಮನಿಯ ಕಾರ್ಲ್ ಷಾರ್ಫೆನ್‌ಬರ್ಗ್ 20ನೇ ಶತಮಾನದ ಶುರುವಿನಲ್ಲಿ ಮಾಡಿದ್ದು. ಒಂದರ ಶಂಕು ಇನ್ನೊಂದರ ಕುಳಿಗೆ ಹೋಗಿ ಎರಡೂ ಮುಖ ನೇರವಾಗುತ್ತವೆ. ಒಳಗೆ ಎರಡೂ ಕಡೆ ತಿರುಗುವ ತಟ್ಟೆ ಮತ್ತು ಉಕ್ಕಿನ ಬಳೆ. ಒಂದರ ಬಳೆ ಇನ್ನೊಂದರ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಎಳೆತ ಎರಡಕ್ಕೂ ಸಮನಾಗಿ ಹಂಚಿಹೋಗುವುದರಿಂದ ತಟ್ಟೆ ತಿರುಗಿ ಬಿಚ್ಚಿಕೊಳ್ಳುವ ಭಯವಿಲ್ಲ.

ಸಡಿಲ ಇಲ್ಲವೇ ಇಲ್ಲ ಅನ್ನಬಹುದು. ಗಾಳಿಯ ಪೈಪು, ಕರೆಂಟಿನ ಸಂಪರ್ಕ ಎಲ್ಲ ಅದರಲ್ಲೇ ಕೂಡುತ್ತದೆ. ಡ್ರೈವರ್ ತನ್ನ ಜಾಗದಲ್ಲಿ ಕೂತೇ ಗುಂಡಿ ಒತ್ತಿ ಬಿಚ್ಚಬಹುದು. ಫ್ರಾನ್ಸಿನ ಟಿಜಿವಿ, ಜರ್ಮನಿಯ ಐಸಿಇ ರೈಲುಗಳ ಮೂತಿಯೊಳಗೆ ಇದೇ ಇದೆ. ಆದರೆ ಸಾವಿರಾರು ಟನ್ ಎಳೆಯುವ ಗೂಡ್ಸ್ ಕೆಲಸಕ್ಕೆ ನಕಲ್ ಮತ್ತು ಎಸ್‌ಎ-3ಗಳೇ ಬೆಳೆದು ಬಂದವು.

ಒಂದು ಜಾತಿಯ ಕೊಂಡಿಗೆ ಇನ್ನೊಂದು ಜಾತಿಯದ್ದನ್ನ ಕೂಡಿಸೋಕೆ ಆಗೋದೇ ಇಲ್ವಾ?

ನೇರವಾಗಿ ಆಗುವುದಿಲ್ಲ. ದಾರಿಗಳಿವೆ. ಕೆಟ್ಟು ನಿಂತ ರೈಲನ್ನು ಎಳೆದು ತರಲು ನಡುವೆ ಹಾಕುವ ಜೋಡಣೆ ತುಂಡು ಇರುತ್ತದೆ. ಎರಡು ತುದಿಗೆ ಎರಡು ಥರದ ಕೊಂಡಿ ಇರುವ ವ್ಯಾಗನ್ನನ್ನು ನಡುವೆ ಹಾಕುವುದೂ ಉಂಟು. ಬ್ರಿಟನ್ನಿನ ಕೆಲವು ಬೋಗಿಗಳಲ್ಲಿ ನಕಲ್ ತಲೆಯನ್ನು ಕೆಳಗೆ ಮಡಚಿದರೆ ಹಿಂದೆ ಕೊಕ್ಕೆ ಕಾಣುತ್ತದೆ. ಫಿನ್‌ಲೆಂಡಿನ ಇಂಜಿನ್‌ಗಳಲ್ಲಿ ಸ್ಕ್ರೂ ಕೊಂಡಿ ಮತ್ತು ಎಸ್‌ಎ-3 ಎರಡಕ್ಕೂ ಕೂಡುವ ಕಪ್ಲರ್ ಇದೆ, ಯಾಕೆಂದರೆ ಅಲ್ಲಿ ರಷ್ಯಾದ ವ್ಯಾಗನ್‌ಗಳೂ ಬರುತ್ತಿದ್ದವು.

## ಇನ್ನೂ ಒಳಗಿನ ಪ್ರಶ್ನೆಗಳು

ಗೂಡ್ಸ್ ರೈಲು ಹೊರಡುವಾಗ ಮುಂದಿಂದ ಹಿಂದಕ್ಕೆ ಕಟ ಕಟ ಕಟ ಅಂತ ಶಬ್ದ ಓಡುತ್ತೆ. ಅದೇನು?

ಅದು ಕೊಂಡಿಗಳ ಸಡಿಲ ಒಂದೊಂದಾಗಿ ಬಿಗಿಯಾಗುವ ಶಬ್ದ. ನಕಲ್‌ಗಳ ನಡುವೆ ಸ್ವಲ್ಪ ಜಾಗ, ಡ್ರಾಫ್ಟ್ ಗೇರಿನಲ್ಲಿ ಸ್ವಲ್ಪ ಆಟ. ಒಂದು ವ್ಯಾಗನ್‌ಗೆ 15 ಸೆಂ.ಮೀ. ಅಂತ ಇಟ್ಟುಕೊಳ್ಳಿ. 100 ವ್ಯಾಗನ್‌ಗೆ 15 ಮೀಟರ್ ಆಯಿತು. ಅಂದರೆ ಕೊನೆಯ ವ್ಯಾಗನ್ ಅಲ್ಲಾಡುವ ಹೊತ್ತಿಗೆ ಇಂಜಿನ್ 15 ಮೀಟರ್ ಮುಂದೆ ಹೋಗಿರುತ್ತದೆ.

ಇದರಲ್ಲಿ ಒಳ್ಳೆಯದೂ ಇದೆ. ನಿಂತ ತೂಕವನ್ನು ಮೊದಲು ಅಲ್ಲಾಡಿಸುವುದೇ ಕಷ್ಟ. ಸಡಿಲ ಇದ್ದರೆ ಇಂಜಿನ್ ಇಡೀ ರೈಲನ್ನು ಒಂದೇ ಸಲ ಎಳೆಯಬೇಕಿಲ್ಲ, ಒಂದೊಂದೇ ವ್ಯಾಗನ್ನನ್ನು ಎಬ್ಬಿಸಿಕೊಂಡು ಹೋಗಬಹುದು. ಹಬೆ ಇಂಜಿನ್ನಿನ ಕಾಲದಲ್ಲಿ ಇದು ದೊಡ್ಡ ಅನುಕೂಲ.

ಕೆಟ್ಟದ್ದು ಏನೆಂದರೆ, ಡ್ರೈವರ್ ಸ್ವಲ್ಪ ಒರಟಾದರೂ ಆ ಸಡಿಲ ಹಿಂದೆ ಹೋಗುತ್ತಾ ಹೋಗುತ್ತಾ ಹೊಡೆತವಾಗುತ್ತದೆ. ಮುಂದಿನ ಭಾಗ ಇಳಿಜಾರಿನಲ್ಲಿ, ಹಿಂದಿನ ಭಾಗ ಏರಿನಲ್ಲಿ ಇದ್ದಾಗ ಅವಸರದಿಂದ ಬ್ರೇಕ್ ಬಿಟ್ಟರೆ ಕೊಂಡಿ ಮುರಿದೇಹೋಗಬಹುದು. ಉದ್ದ ರೈಲು ಓಡಿಸುವವರ ಜಾಣತನದಲ್ಲಿ ಅರ್ಧ ಈ ಸಡಿಲವನ್ನು ಸಂಭಾಳಿಸುವುದರಲ್ಲೇ ಇದೆ. ಪ್ರಯಾಣಿಕರ ರೈಲಿಗೆ ಸಡಿಲ ಕಡಿಮೆ ಇರುವ ಬಿಗಿ ಕಪ್ಲರ್ ಬೇರೆಯೇ ಮಾಡಿದ್ದಾರೆ.

ಅಷ್ಟುದ್ದದ ರೈಲಿನ ಭಾರ ಎಲ್ಲಾ ಮೊದಲನೇ ಕೊಂಡಿ ಮೇಲೇ ಬೀಳುತ್ತಾ? ಅದು ತಡೆಯುತ್ತಾ?

ಇಂಜಿನ್ ಮುಂದೆ ಮಾತ್ರ ಇದ್ದರೆ, ಹೌದು. ಪೂರ್ತಿ ಎಳೆತ ಮೊದಲ ಕೊಂಡಿಯ ಮೇಲೇ ಬೀಳುತ್ತದೆ. ಎಳೆತ ಅಂದರೆ ರೈಲಿನ ತೂಕವಲ್ಲ, ಅದನ್ನು ಉರುಳಿಸಲು ಬೇಕಾದ ಬಲ. ಸಮತಟ್ಟಿನಲ್ಲಿ ಅದು ತೂಕದ ಒಂದು ಸಣ್ಣ ಪಾಲು, ಏರಿನಲ್ಲಿ ಬೇಗ ಬೇಗ ಜಾಸ್ತಿಯಾಗುತ್ತದೆ.

ಯುರೋಪಿನ ಸಾಮಾನ್ಯ ಸ್ಕ್ರೂ ಕೊಂಡಿ ಸುಮಾರು 85 ಟನ್ ಎಳೆತಕ್ಕೆ ಮುರಿಯುವ ಲೆಕ್ಕದ್ದು. ಅಮೆರಿಕದ ಇ ದರ್ಜೆ ಉಕ್ಕಿನ ನಕಲ್‌ಗೆ ಆ ಲೆಕ್ಕ ಸುಮಾರು 295 ಟನ್. ಅಲ್ಲಿನ ಗೂಡ್ಸ್ ರೈಲುಗಳು ಯಾಕೆ ಅಷ್ಟು ಉದ್ದ, ಯುರೋಪಿನವು ಯಾಕೆ ಗಿಡ್ಡ ಅನ್ನುವುದಕ್ಕೆ ಇದೂ ಒಂದು ಕಾರಣ.

ನಕಲ್ಲನ್ನು ಬೇಕಂತಲೇ ಉಳಿದ ಭಾಗಕ್ಕಿಂತ ದುರ್ಬಲವಾಗಿ ಇಟ್ಟಿದ್ದಾರೆ. ಮುರಿಯುವುದಾದರೆ ಅದೇ ಮುರಿಯಲಿ, ವ್ಯಾಗನ್ನಿನ ಚೌಕಟ್ಟು ಕಿತ್ತು ಬರದಿರಲಿ ಅಂತ. ಸುಮಾರು 35-40 ಕಿಲೋ ತೂಗುವ ಅದನ್ನು ದಾರಿಯಲ್ಲೇ ಬದಲಾಯಿಸಬಹುದು. ಇಂಜಿನ್ನಿನಲ್ಲಿ ಒಂದೆರಡು ಹೊಸ ನಕಲ್ ಇಟ್ಟುಕೊಂಡೇ ಹೊರಡುತ್ತಾರೆ.

ಕೊಂಡಿಯ ಮಿತಿ ದಾಟಬೇಕಾದರೆ ಇಂಜಿನ್‌ಗಳನ್ನು ರೈಲಿನುದ್ದಕ್ಕೂ ಹಂಚಬೇಕು. 2001ರ ಜೂನ್ 21ರಂದು ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ 682 ವ್ಯಾಗನ್‌ಗಳ, 7.3 ಕಿ.ಮೀ. ಉದ್ದದ ಅದಿರು ರೈಲು ಓಡಿತು. ಎಂಟು ಇಂಜಿನ್‌ಗಳು ಬೇರೆ ಬೇರೆ ಕಡೆ ಇದ್ದವು, ಓಡಿಸಿದವರು ಒಬ್ಬರೇ. ಎಂಟನ್ನೂ ಮುಂದೆ ಕಟ್ಟಿದ್ದರೆ ಕೊಂಡಿ ಉಳಿಯುತ್ತಿರಲಿಲ್ಲ.

ಓಡ್ತಾ ಇರುವಾಗ ಕೊಂಡಿ ಕಳಚಿದ್ರೆ ಹಿಂದಿನ ಬೋಗಿಗಳ ಗತಿ?

ನಿಲ್ಲುತ್ತವೆ. ಕೊಂಡಿ ಬಿಟ್ಟರೆ ಗಾಳಿಯ ಹೋಸ್ ಕೂಡ ಬಿಡುತ್ತದೆ. ಗಾಳಿ ಹೊರಗೆ ಹೋಗುತ್ತದೆ. ರೈಲಿನ ಬ್ರೇಕ್ ಗಾಳಿ ಕಡಿಮೆಯಾದಾಗ ಹಿಡಿಯುವಂಥದ್ದು, ಜಾರ್ಜ್ ವೆಸ್ಟಿಂಗ್‌ಹೌಸ್ 1872ರ ಹೊತ್ತಿಗೆ ಹಾಗೆ ಮಾಡಿಟ್ಟರು. ಹಾಗಾಗಿ ಮುಂದಿನ ತುಂಡು, ಹಿಂದಿನ ತುಂಡು ಎರಡಕ್ಕೂ ತಾನಾಗಿ ಬ್ರೇಕ್ ಬೀಳುತ್ತದೆ.

ಅಪಘಾತದಲ್ಲಿ ಒಂದು ಬೋಗಿ ಇನ್ನೊಂದರ ಮೇಲೆ ಹತ್ತೋದನ್ನ ಕೊಂಡಿ ತಡೆಯಬಹುದಾ?

ಒಳ್ಳೆಯ ಕೊಂಡಿ ಬಹಳ ಮಟ್ಟಿಗೆ ತಡೆಯುತ್ತದೆ. ಸಾಮಾನ್ಯ ನಕಲ್ ಕಪ್ಲರ್‌ಗಳು ಒಂದರ ಮೇಲೊಂದು ಜಾರಬಲ್ಲವು. ಪ್ರಯಾಣಿಕರ ಬೋಗಿಗೆ ಮಾಡಿದ ಬಿಗಿ ಕಪ್ಲರ್‌ನಲ್ಲಿ ಎರಡು ತಲೆಗಳೂ ಒಂದಕ್ಕೊಂದು ಬೆಸೆದುಕೊಂಡು, ಮೇಲೆ ಕೆಳಗೆ ಜಾರುವುದಿಲ್ಲ. ಹಳಿ ತಪ್ಪಿದರೂ ಬೋಗಿಗಳು ಸಾಲಾಗಿಯೇ ಉಳಿಯುವ ಸಾಧ್ಯತೆ ಜಾಸ್ತಿ. ಸ್ಕ್ರೂ ಕೊಂಡಿಗೆ ಈ ಶಕ್ತಿ ಇಲ್ಲ.

ಅಪಾಯಕಾರಿ ದ್ರವ ಸಾಗಿಸುವ ಟ್ಯಾಂಕ್ ವ್ಯಾಗನ್‌ಗಳದ್ದು ಬೇರೆ ಕಥೆ. ಕಳಚಿದ ಕಪ್ಲರ್ ಮೇಲೆದ್ದು ಪಕ್ಕದ ಟ್ಯಾಂಕನ್ನು ಚುಚ್ಚಿ ದೊಡ್ಡ ಅನಾಹುತಗಳಾಗಿದ್ದವು. 1970ರ ದಶಕದಲ್ಲಿ ಅಮೆರಿಕದಲ್ಲಿ ಅಂಥ ವ್ಯಾಗನ್‌ಗಳ ಕಪ್ಲರ್‌ಗೆ ಮೇಲೊಂದು, ಕೆಳಗೊಂದು ಉಕ್ಕಿನ ತುಟಿ ಕಡ್ಡಾಯವಾಯಿತು. ಎದುರಿನ ತಲೆ ಆ ತುಟಿಗಳ ನಡುವೆಯೇ ಇರಬೇಕು.

ವ್ಯಾಗನ್ ಬಿಚ್ಚದೇನೇ ತಲೆಕೆಳಗು ಮಾಡಿ ಕಲ್ಲಿದ್ದಲು ಸುರೀತಾರಂತೆ. ಕೊಂಡಿ ತಿರುಚಿಹೋಗಲ್ವಾ?

ಆ ವ್ಯಾಗನ್‌ಗಳ ಒಂದು ತುದಿಯ ಕಪ್ಲರ್ ತನ್ನ ಅಕ್ಷದ ಮೇಲೆ ಸುತ್ತಬಲ್ಲದು. ವ್ಯಾಗನ್ನನ್ನು ಹಳಿಯ ಸಮೇತ ಒಂದು ದೊಡ್ಡ ಉರುಳೆ ಹಿಡಿದು ಮಗುಚುತ್ತದೆ. ಉರುಳೆಯ ನಡುಬಿಂದು ಕೊಂಡಿಯ ನೇರಕ್ಕೇ ಇರುತ್ತದೆ. ಕೊಂಡಿ ಇದ್ದಲ್ಲೇ ಇದ್ದು ಸುಮ್ನೆ ತಿರುಗುತ್ತದೆ. ಸುತ್ತುವ ತುದಿ ಯಾವುದು ಅಂತ ಗೊತ್ತಾಗಲು ಆ ಕಡೆಗೆ ಬೇರೆ ಬಣ್ಣ ಬಳಿದಿರುತ್ತಾರೆ.

ಓಡೋ ರೈಲಿನಿಂದ ಬೇಕಂತಲೇ ಬೋಗಿ ಬಿಡ್ತಿದ್ರು ಅಂತ ಅಜ್ಜ ಹೇಳ್ತಿದ್ರು. ನಿಜಾನಾ?

ಅಜ್ಜ ಹೇಳಿದ್ದು ನಿಜ. ಬ್ರಿಟನ್ನಿನಲ್ಲಿ ಇತ್ತು. ಎಕ್ಸ್‌ಪ್ರೆಸ್ ರೈಲು ಸಣ್ಣ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಅಲ್ಲಿ ಇಳಿಯುವವರನ್ನೆಲ್ಲ ಕೊನೆಯ ಬೋಗಿಯಲ್ಲಿ ಕೂರಿಸುತ್ತಿದ್ದರು. ಅದರ ಕೊಕ್ಕೆಗೆ ಮಡಚುವ ಕೀಲು. ನಿಲ್ದಾಣ ಹತ್ತಿರ ಬಂದಾಗ ಗಾರ್ಡ್ ಸನ್ನೆಕೋಲು ಎಳೆದರೆ ಕೊಕ್ಕೆ ಬಿಟ್ಟುಕೊಳ್ಳುತ್ತಿತ್ತು. ರೈಲು ಮುಂದೆ ಓಡುತ್ತಿತ್ತು. ಗಾರ್ಡ್ ಕೈಬ್ರೇಕ್ ಹಿಡಿದು ಬೋಗಿಯನ್ನು ಪ್ಲಾಟ್‌ಫಾರ್ಮಿಗೆ ತಂದು ನಿಲ್ಲಿಸುತ್ತಿದ್ದರು. ಕೊನೆಯ ಸಲ ಹೀಗೆ ಬೋಗಿ ಬಿಟ್ಟದ್ದು 1960ರಲ್ಲಿ, ಬಿಸ್ಟರ್‌ನಲ್ಲಿ.

ಇಷ್ಟೆಲ್ಲಾ ಆದ್ಮೇಲೂ ಕೆಲಸದವರು ವ್ಯಾಗನ್‌ಗಳ ನಡುವೆ ಹೋಗೋದನ್ನ ನೋಡಿದ್ದೀನಿ. ಯಾಕೆ ಹೋಗಬೇಕು?

ಮೂರು ಕಾರಣಕ್ಕೆ. ಗಾಳಿಯ ಹೋಸ್ ಕೈಯಿಂದಲೇ ಕೂಡಿಸಬೇಕು. ಕೆಲವು ಸಲ ಎರಡೂ ನಕಲ್ ಮುಚ್ಚಿರುತ್ತವೆ, ಒಂದನ್ನು ತೆರೆಯಬೇಕು. ಇನ್ನೊಂದು, ತಿರುವಿನಲ್ಲಿ ಬಿಟ್ಟ ಕಪ್ಲರ್ ಒಂದು ಪಕ್ಕಕ್ಕೆ ವಾಲಿ ನಿಂತಿರುತ್ತದೆ, ಅದನ್ನು ನೇರ ಮಾಡದೆ ಕೂಡಿಸಿದರೆ ತಲೆಗಳು ಒಂದನ್ನೊಂದು ತಪ್ಪಿಸಿ ಹೋಗುತ್ತವೆ.

ಅಪಾಯ ಇರುವುದು ಈ ಮೂರನೆಯದರಲ್ಲಿ. ವ್ಯಾಗನ್ ಬರುತ್ತಿರುತ್ತದೆ, ಕಪ್ಲರ್ ಸ್ವಲ್ಪ ಮಾತ್ರ ವಾಲಿದೆ ಅನಿಸುತ್ತದೆ, ಕಾಲಿನಿಂದ ಒಂದು ತಳ್ಳು ತಳ್ಳಿದರೆ ಸರಿಹೋಗುತ್ತದೆ ಅನಿಸುತ್ತದೆ. ಜೇನಿ ಕಪ್ಲರ್ ಇರುವ ಕಾಲದಲ್ಲೂ ಜನ ಸತ್ತಿರುವುದು ಹೀಗೆಯೇ. ಆ ಕಪ್ಲರ್‌ನ ತೂಕ ನೂರಾರು ಕಿಲೋ, ಕಾಲಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಹಾಗಾಗಿ ನಿಯಮ ಕಟ್ಟುನಿಟ್ಟು. ಅಲ್ಲಾಡುತ್ತಿರುವ ವ್ಯಾಗನ್‌ಗಳ ನಡುವೆ ಯಾರೂ ಹೋಗಬಾರದು. ಮೊದಲು ಪೂರ್ತಿ ನಿಲ್ಲಿಸಬೇಕು. ಎರಡರ ನಡುವೆ ಸಾಕಷ್ಟು ಅಂತರ ಬಿಡಿಸಬೇಕು. ಒಳಗೆ ಹೋಗುತ್ತೇನೆ ಅಂತ ಡ್ರೈವರ್‌ಗೆ ಹೇಳಬೇಕು. ಡ್ರೈವರ್ ಬ್ರೇಕ್ ಹಾಕಿ, ಇಂಜಿನ್ನಿನ ಎಳೆಯುವ ಶಕ್ತಿ ಕಡಿದು, ಹಾಗೆ ಮಾಡಿದ್ದೇನೆ ಅಂತ ಬಾಯಿಬಿಟ್ಟು ಹೇಳಬೇಕು. ಆಮೇಲೆ ಒಳಗೆ ಹೋದವರೇ ಹೊರಗೆ ಬಂದು, ಬಂದೆ ಅಂತ ತಾವೇ ಹೇಳುವ ತನಕ ಇಂಜಿನ್ ಒಂದು ಇಂಚೂ ಅಲ್ಲಾಡಬಾರದು. ಅವರ ಪರವಾಗಿ ಬೇರೆ ಯಾರು ಹೇಳಿದರೂ ಅಲ್ಲಾಡಬಾರದು.